ಹೊಸೂರಿನ ರೈಲು ಬ್ರಿಟಿಷರ ಕಾಲದ್ದೇ?

ಪ್ರಶ್ನೆ: ಹೊಸೂರಿನ ಈಗಿನ ರೈಲು ಮಾರ್ಗ ಬ್ರಿಟಿಷರು ಹಾಕಿದ್ದೇ? ಹಾಗಿದ್ದರೆ, ತಮ್ಮ ಚಿಕ್ಕಂದಿನಲ್ಲಿ ಇಲ್ಲಿ ರೈಲೇ ಇರಲಿಲ್ಲ ಎಂದು ಹಿರಿಯರು ಏಕೆ ಹೇಳುತ್ತಾರೆ?

ಉತ್ತರ: ಅಲ್ಲ. ಬೆಂಗಳೂರಿನಿಂದ ಹೊಸೂರು, ಧರ್ಮಪುರಿ ಮೇಲೆ ಸೇಲಂಗೆ ಹೋಗುವ ಈಗಿನ ಮಾರ್ಗ 1960ರ ದಶಕದ್ದು. ಬ್ರಿಟಿಷರ ಕಾಲದ ಮಾರ್ಗವೇ ಬೇರೆ, ಅದು 1941ರಲ್ಲಿ ಮುಚ್ಚಿಹೋಯಿತು. ಹಿರಿಯರು ಹೇಳುವುದು ಆ ನಡುವಿನ ವರ್ಷಗಳ ಮಾತು.

ಹಳೆಯ ರೈಲು ಬೆಂಗಳೂರಿನ ಕಡೆಯಿಂದ ಬಂದದ್ದೇ ಅಲ್ಲ. ಜೋಲಾರಪೇಟೆಯಿಂದ ಸೇಲಂಗೆ ಹೋಗುವ ದೊಡ್ಡ ಮಾರ್ಗದಲ್ಲಿ ಮೊರಪ್ಪೂರು ಎಂಬ ನಿಲ್ದಾಣವಿದೆ. ಅಲ್ಲಿ ಕವಲೊಡೆದ ಹಳಿ 1906ರಲ್ಲಿ ಧರ್ಮಪುರಿಗೆ ಬಂತು. 1913ರಲ್ಲಿ ಪಾಲಕ್ಕೋಡು, ರಾಯಕೋಟೆ ದಾಟಿ ಹೊಸೂರು ಮುಟ್ಟಿತು, ಅಲ್ಲಿಗೇ ನಿಂತಿತು. ಬೆಂಗಳೂರು ಅಲ್ಲಿಂದ ಸುಮಾರು 40 ಕಿಲೋಮೀಟರ್ ಅಷ್ಟೇ. ಆದರೂ ರೈಲಿನಲ್ಲೇ ಹೋಗಬೇಕೆಂದರೆ ಮೊರಪ್ಪೂರಿಗೆ ಇಳಿದು, ಜೋಲಾರಪೇಟೆ, ಬಂಗಾರಪೇಟೆಗಳನ್ನು ಸುತ್ತಿಕೊಂಡು ಹೋಗಬೇಕಿತ್ತು.

ಅದನ್ನು ಹಾಕಿದ್ದೇ ಬೇರೆ ಕಾರಣಕ್ಕೆ. 1876–78ರಲ್ಲಿ, ಅಂದರೆ ಧಾತು, ಈಶ್ವರ ಸಂವತ್ಸರಗಳಲ್ಲಿ, ಬಂದ ಬರ ಸೇಲಂ ಜಿಲ್ಲೆಯನ್ನು ಹಿಂಡಿಹಾಕಿತ್ತು. ಹೊಸೂರು, ಕೃಷ್ಣಗಿರಿ, ಧರ್ಮಪುರಿ ಎಲ್ಲವೂ ಆಗ ಅದೇ ಜಿಲ್ಲೆಯವು. ಮೊರಪ್ಪೂರಿನ ಮೇಲೆ ಹೋಗುವ ದೊಡ್ಡ ಮಾರ್ಗ 1861ರಿಂದಲೇ ಇತ್ತು. ಧಾನ್ಯ ರೈಲು ನಿಲ್ದಾಣದವರೆಗೆ ಬರಬಹುದಿತ್ತು. ಮುಂದೆ ಒಳನಾಡಿಗೆ ಸಾಗಿಸಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸತ್ತು ಬಿದ್ದರೆ ಏನು ಮಾಡುವುದು? ಬಂಡಿ ನಿಂತರೆ ಊರಿಗೆ ಕಾಳು ಸೇರದು. ಈ ಅನುಭವದಿಂದಲೇ ಬರಪೀಡಿತ ಸೀಮೆಗಳಿಗೆ ಲಾಭ ನೋಡದೆ ರೈಲು ಒಯ್ಯಬೇಕೆಂಬ ನೀತಿ ಬಂತು. ತಿರುಪತ್ತೂರು–ಕೃಷ್ಣಗಿರಿ ಕವಲು (1905) ಕೂಡ ಅದೇ ಬಗೆಯದು.

ಖರ್ಚು ಉಳಿಸಲು ಎರಡನ್ನೂ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಕಟ್ಟಿದರು. ದೊಡ್ಡ ಮಾರ್ಗದ ಹಳಿ ಐದೂವರೆ ಅಡಿ. ಹೀಗಾಗಿ ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡುವಂತಿರಲಿಲ್ಲ. ಹೊಸೂರಿನಲ್ಲಿ ತುಂಬಿದ ಮೂಟೆ ಮದ್ರಾಸಿಗೆ ಹೋಗಬೇಕಾದರೆ ಮೊರಪ್ಪೂರಿನಲ್ಲಿ ಕೂಲಿಯವರು ಅದನ್ನು ಚಿಕ್ಕ ವ್ಯಾಗನ್ನಿನಿಂದ ಇಳಿಸಿ, ಹೊತ್ತು, ದೊಡ್ಡದಕ್ಕೆ ಏರಿಸಬೇಕು. ಎರಡು ಸಲದ ಕೂಲಿ, ಹೆಚ್ಚಿನ ಹೊತ್ತು, ಮೂಟೆ ಹರಿದು ಚೆಲ್ಲಿದ ನಷ್ಟ. ರಸ್ತೆಯ ಮೇಲೆ ಬಸ್ಸು, ಲಾರಿಗಳು ಹೆಚ್ಚಿದ ಮೇಲೆ ಇಂಥ ಕವಲು ಮಾರ್ಗಗಳಿಗೆ ಉಳಿಗಾಲವಿರಲಿಲ್ಲ.

ಕೃಷ್ಣಗಿರಿಯದು 1936ರಲ್ಲೇ ನಿಂತಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸೇನೆಗೆ ಉಕ್ಕು, ಹಳಿ ಬೇಕಾದಾಗ ದೇಶದ ಅನೇಕ ಕಡಿಮೆ ಆದಾಯದ ಕವಲುಗಳನ್ನು ಕಿತ್ತರು; ಹೊಸೂರಿನದು ನಿಂತದ್ದೂ ಆಗಲೇ. ಬರದಿಂದ ಜನರನ್ನು ಉಳಿಸಲೆಂದೇ ಹಾಕಿದ ಮಾರ್ಗವನ್ನು ಕೊನೆಗೆ ಟಿಕೆಟ್ಟಿನ ಹಣದಿಂದ ಅಳೆದದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆ ಅಳತೆಯಲ್ಲಿ ಅದು ಎಂದಿಗೂ ಗೆಲ್ಲುವಂತಿರಲಿಲ್ಲ.

1960ರ ದಶಕದಲ್ಲಿ ಬಂದ ಈಗಿನ ಮಾರ್ಗ ಮೊದಲು ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ), 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ (ಐದೂವರೆ ಅಡಿಯ ಹಳಿ) ಆಯಿತು. ಇದೂ ರಾಯಕೋಟೆ, ಪಾಲಕ್ಕೋಡುಗಳ ಮೇಲೆಯೇ ಹೋಗುವುದರಿಂದ ಹಳೆಯದೇ ಎಂಬ ಭಾವನೆ ಬೆಳೆದಿದೆ. ಆದರೆ ಧರ್ಮಪುರಿಯಿಂದ ಮುಂದೆ ಇದು ಓಮಲೂರಿನತ್ತ ಇಳಿಯುತ್ತದೆ, ಮೊರಪ್ಪೂರಿಗೆ ಹೋಗುವುದಿಲ್ಲ. ಕಡಿದುಹೋದ ಆ ತುಂಡನ್ನು ಜೋಡಿಸಲು 36 ಕಿಲೋಮೀಟರಿನ ಹೊಸ ಮಾರ್ಗಕ್ಕೆ 2019ರಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಮುಗಿದರೆ ಧರ್ಮಪುರಿಯವರು ಚೆನ್ನೈ ರೈಲು ಹಿಡಿಯಲು ಬಸ್ಸಿನಲ್ಲಿ ಮೊರಪ್ಪೂರಿಗೆ ಹೋಗುವುದು ತಪ್ಪುತ್ತದೆ.