ಮೊಣಕಾಲು ನೋವಿಗೆ ಡಿ ವಿಟಮಿನ್: ಎಲ್ಲಿ ಫಲ, ಎಲ್ಲಿ ನಿಷ್ಫಲ

ಮೊಣಕಾಲು ನೋವೆಂದು ರಕ್ತ ಕೊಟ್ಟು ಬಂದವರಿಗೆ ಡಿ ವಿಟಮಿನ್ ಮಿ.ಲೀ.ಗೆ 12 ನ್ಯಾನೋಗ್ರಾಂ ಎಂಬ ವರದಿ ಸಿಕ್ಕರೆ, ಕಳ್ಳ ಸಿಕ್ಕಿಬಿದ್ದನೆಂದೇ ಅನಿಸುತ್ತದೆ. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುವುದು ರೂಢಿ. ಆದರೆ ನಮ್ಮ ದೇಶದಲ್ಲಿ ಮೊಣಕಾಲು ನೋಯದವರಲ್ಲೂ ಈ ಕೊರತೆ ಧಾರಾಳ. ಕೀಲಿನ ಸವೆತವೂ ಅಷ್ಟೇ ಸಾಮಾನ್ಯ. ಎರಡೂ ಒಬ್ಬರಲ್ಲೇ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು.

1996ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ, ಡಿ ಕಡಿಮೆ ಇದ್ದವರ ಮೊಣಕಾಲು ಸವೆತ ಸುಮಾರು ಮೂರು ಪಟ್ಟು ಹೆಚ್ಚು ಮುಂದುವರಿಯುವುದು ಕಂಡಿತ್ತು. ಹಾಗಾದರೆ ಡಿ ಕೊಟ್ಟರೆ ಸವೆತ ನಿಲ್ಲಬೇಕಲ್ಲ? ಅಮೆರಿಕದಲ್ಲಿ 146 ಜನರಿಗೆ (2013), ಆಸ್ಟ್ರೇಲಿಯಾದಲ್ಲಿ 413 ಜನರಿಗೆ (2016) ಎರಡೆರಡು ವರ್ಷ ಡಿ ಅಥವಾ ಔಷಧವಿಲ್ಲದ ಹುಸಿಗುಳಿಗೆ ಕೊಟ್ಟು ನೋಡಿದರು. ಕೀಲಿನಲ್ಲಿ ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯ ಸವೆತ ನಿಧಾನವಾಗಲಿಲ್ಲ. ಹಾಗಾದರೆ ಮೊದಲು ಕಂಡ ನಂಟು ಎಲ್ಲಿಂದ ಬಂತು? ಕಾಲು ನೋಯುವವರು ಬಿಸಿಲಿಗೆ ಹೋಗುವುದೇ ಕಡಿಮೆ. ದಪ್ಪಗಿರುವವರಲ್ಲಿ ಡಿ ಕೊಬ್ಬಿನೊಳಗೆ ಸೇರಿಕೊಂಡು ರಕ್ತದಲ್ಲಿ ಕಡಿಮೆ ತೋರುತ್ತದೆ, ಅದೇ ತೂಕ ಮೊಣಕಾಲನ್ನೂ ಸವೆಸುತ್ತದೆ.

ಈ ಗೋಜಲು ಬಿಡಿಸಲು ಜೀನ್‌ಗಳು ನೆರವಾದವು. ಜಿಸಿ, ಸಿವೈಪಿ2ಆರ್1, ಡಿಎಚ್‌ಸಿಆರ್7 ಎಂಬ ಜೀನ್‌ಗಳ ಕೆಲವು ರೂಪಗಳು ಹುಟ್ಟಿನಿಂದಲೇ ರಕ್ತದ ಡಿ ಮಟ್ಟವನ್ನು ತುಸು ತಗ್ಗಿಸುತ್ತವೆ. ಯಾರಿಗೆ ಯಾವ ರೂಪ ಬರುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ತೂಕವಾಗಲಿ ಬಿಸಿಲಾಗಲಿ ಅದನ್ನು ಬದಲಿಸದು. ಡಿ ಕೊರತೆಯೇ ಸವೆತಕ್ಕೆ ಕಾರಣವಾಗಿದ್ದರೆ ಕಡಿಮೆ ಡಿ ರೂಪ ಪಡೆದವರಲ್ಲಿ ಸವೆತ ಹೆಚ್ಚಿರಬೇಕಿತ್ತು. ಬಹುಪಾಲು ವಿಶ್ಲೇಷಣೆಗಳಲ್ಲಿ ಹಾಗೆ ಕಂಡಿಲ್ಲ. ಮೊಣಕಾಲು ಸವೆತದಲ್ಲಿ ಅನುವಂಶದ ಪಾಲು ಸುಮಾರು ಶೇ 40. ಅದರಲ್ಲಿ ಮತ್ತೆ ಮತ್ತೆ ಕಾಣುವುದು ಕೀಲಿನ ಬೆಳವಣಿಗೆಗೆ ಸಂಬಂಧಿಸಿದ ಜಿಡಿಎಫ್5 ಜೀನು, ಅದರ ಪ್ರಭಾವವೂ ಚಿಕ್ಕದೇ. ಇದಕ್ಕಾಗಿ ಜೀನ್ ಪರೀಕ್ಷೆ ಮಾಡಿಸುವುದು ದುಡ್ಡು ದಂಡ.

ಹಾಗೆಂದು ಡಿ ಬೇಡವೇ ಬೇಡ ಎಂದಲ್ಲ. ತೀವ್ರ ಕೊರತೆಯಲ್ಲಿ ಮೂಳೆಯೇ ಮೆತ್ತಗಾಗುತ್ತದೆ, ಆ ನೋವನ್ನು ಸವೆತವೆಂದು ತಪ್ಪು ತಿಳಿಯುವುದುಂಟು. ಸವೆತದ ನೋವು ಕೀಲಿನಲ್ಲೇ, ಮೆಟ್ಟಿಲು ಹತ್ತಿಳಿಯುವಾಗ ಹೆಚ್ಚು. ಬೆಳಗಿನ ಬಿಗಿತ ಅರ್ಧ ತಾಸಿನೊಳಗೆ ಸಡಿಲಾಗುತ್ತದೆ. ಮೂಳೆ ಮೆತ್ತಗಾದವರಿಗೆ ಮೊಣಕಾಲ ಕೆಳಗಿನ ಮುಂಬದಿಯ ಮೂಳೆ ಒತ್ತಿದರೂ ನೋವು, ತೊಡೆಯಲ್ಲಿ ಬಲವಿಲ್ಲದೆ ನೆಲದಿಂದ ಕೈಯೂರಿ ಏಳಬೇಕಾಗುತ್ತದೆ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ. ಇವರಿಗೆ ಡಿ ನಿಜಕ್ಕೂ ಔಷಧ. ಎಕ್ಸ್‌ರೇ ತೆಗೆಸುವಾಗ ನಿಂತೇ ತೆಗೆಸಬೇಕು; ಮಲಗಿ ತೆಗೆದರೆ ಕೀಲಿನ ಮೇಲೆ ಭಾರ ಬೀಳದೆ, ಸವೆದ ಸಂದೂ ಚೆನ್ನಾಗಿರುವಂತೆ ಕಾಣುತ್ತದೆ. ಇನ್ನೊಂದು ಕೊಂಡಿ ಬಾಲ್ಯದ್ದು. ಕೊರತೆಯಿಂದ ಮಗುವಿನ ಕಾಲು ಬಿಲ್ಲಿನಂತೆ ಬಾಗಿ ಹಾಗೇ ಉಳಿದರೆ, ಮುಂದೆ ಮೊಣಕಾಲಿನ ಒಳಬದಿಗೇ ಭಾರ ಬಿದ್ದು ಆ ಬದಿ ಬೇಗ ಸವೆಯುತ್ತದೆ.

ಇಷ್ಟು ಬಿಸಿಲಿನ ಸೀಮೆಯಲ್ಲಿ ಕೊರತೆ ಹೇಗೆ? ಇಳಕಲ್ಲು, ಗುಳೇದಗುಡ್ಡದಲ್ಲಿ ಮಗ್ಗದ ಮುಂದೆ ಕೂತವರಿಗೆ ದಿನವಿಡೀ ನೆರಳೇ ಗತಿ. ಬೆಳಗಾವಿಯಲ್ಲಿ ಮಳೆಗಾಲದ ಮೋಡ ತಿಂಗಳುಗಟ್ಟಲೆ. ಎಳೆಬಿಸಿಲು ಒಳ್ಳೆಯದೆಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ: ಡಿ ತಯಾರಿಸುವ ಅತಿನೇರಳೆ-ಬಿ ಕಿರಣ ಓರೆ ಬಿಸಿಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಕಿಟಕಿಯ ಗಾಜು ಅದನ್ನು ಬಿಡುವುದೇ ಇಲ್ಲ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತೇ ಸರಿಯಾದ ಹೊತ್ತು. ವಿಜಯಪುರದಲ್ಲಿ ಏಪ್ರಿಲ್‌ನಲ್ಲಿ ಅದು ಒಂಬತ್ತೂವರೆಗೇ ಶುರು. ಡಿಸೆಂಬರಿನಲ್ಲಿ ಸುಮಾರು 11ರಿಂದ ಒಂದೂಮುಕ್ಕಾಲರವರೆಗೆ. ಮುಖವಷ್ಟೇ ಅಲ್ಲ, ತೋಳು, ಕಾಲಿಗೂ ಬಿಸಿಲು ಬೀಳಬೇಕು.

ಕೊರತೆಗೆ ಸಾಮಾನ್ಯವಾಗಿ ಬರೆಯುವುದು 60,000 ಯೂನಿಟ್‌ನ ಪುಡಿ ಪೊಟ್ಟಣ: ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ವೈದ್ಯರು ಹೇಳಿದಂತೆ ತಿಂಗಳಿಗೊಂದು. ಕೊಬ್ಬಿನೊಂದಿಗೆ ಹೀರಲ್ಪಡುವುದರಿಂದ ಊಟದ ನಂತರ, ಗಟ್ಟಿ ಹಾಲಿನಲ್ಲಿ ಕದಡಿ ಕುಡಿಯುವುದು ಮೇಲು. ಮೂರು ತಿಂಗಳಾಗುವ ಮೊದಲೇ ಮರುಪರೀಕ್ಷೆ ಮಾಡಿಸಿದರೆ ಸ್ಥಿರವಾದ ಅಂಕಿ ಸಿಗದು. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಮಾಡಿಕೊಂಡವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಬಿಡದ ಬಾಯಾರಿಕೆ ಶುರುವಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಮೂತ್ರಕಲ್ಲು ಬಂದು ಹೋದವರು ಪೊಟ್ಟಣ ಕೊಳ್ಳುವ ಮೊದಲೇ ಅದನ್ನು ವೈದ್ಯರಿಗೆ ತಿಳಿಸಬೇಕು.