ಆದಾಯ ಹಂಚಿದರೂ ಸಣ್ಣ ಕ್ಲಬ್ ಯಾಕೆ ಮೇಲೇಳುವುದಿಲ್ಲ? ಫುಟ್‌ಬಾಲ್ ಅರ್ಥಶಾಸ್ತ್ರದ ಟಿಪ್ಪಣಿ

ಫುಟ್‌ಬಾಲ್ ಅರ್ಥಶಾಸ್ತ್ರದ ಪೇಪರ್‌ನಲ್ಲಿ ನಾನು ಎರಡು ವಾರ ಸಿಕ್ಕಿಹಾಕಿಕೊಂಡದ್ದು ಒಂದೇ ಜಾಗದಲ್ಲಿ. ದೊಡ್ಡ ಕ್ಲಬ್ಬಿನ ಆದಾಯದಲ್ಲಿ ಸಣ್ಣ ಕ್ಲಬ್ಬಿಗೆ ಪಾಲು ಕೊಟ್ಟರೆ ಲೀಗ್ ಸಮಬಲಕ್ಕೆ ಬರುತ್ತದೆ, ಅಲ್ವಾ? ದುಡ್ಡು ಬಂತು, ಒಳ್ಳೆ ಆಟಗಾರರನ್ನು ತಗೊಂಡರು, ಗೆದ್ದರು. ಆದರೆ ಪಾಠದಲ್ಲಿ ಬರೆದಿರುವುದು 'ಏನೂ ಬದಲಾಗುವುದಿಲ್ಲ' ಅಂತ. ನಿನ್ನೆ ರಾತ್ರಿ ಲೆಕ್ಕ ಕೂತಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಹಿನ್ನೆಲೆ, ಚುಟುಕಾಗಿ

ಸೋಪು ಮಾಡುವ ಕಂಪನಿಗೆ ಎದುರಾಳಿ ಬಾಗಿಲು ಮುಚ್ಚಿದರೆ ಹಬ್ಬ. ಫುಟ್‌ಬಾಲ್ ಕ್ಲಬ್ಬಿಗೆ ಹಾಗಲ್ಲ. ಎದುರಾಳಿ ಇಲ್ಲದಿದ್ದರೆ ಪಂದ್ಯವೇ ಇಲ್ಲ, ಟಿಕೆಟ್ಟೂ ಇಲ್ಲ. 1964ರಲ್ಲಿ ಅರ್ಥಶಾಸ್ತ್ರಜ್ಞ ವಾಲ್ಟರ್ ನೀಲ್ ಇದನ್ನು ಬಾಕ್ಸರ್ ಜೋ ಲೂಯಿಸ್ ಮತ್ತು ಮ್ಯಾಕ್ಸ್ ಷ್ಮೆಲಿಂಗ್ ಉದಾಹರಣೆ ಕೊಟ್ಟು ವಿವರಿಸಿದರು: ಲೂಯಿಸ್ ದುಡ್ಡು ಮಾಡಬೇಕಾದರೆ ಷ್ಮೆಲಿಂಗ್ ಬಲಶಾಲಿಯಾಗಿರಬೇಕು. ಈ ವಿಷಯದಲ್ಲಿ ಪದೇ ಪದೇ ಬರುವ 'ಪೈಪೋಟಿಯ ಸಮತೋಲನ' (ತಂಡಗಳ ಬಲ ಹೆಚ್ಚುಕಡಿಮೆ ಸಮವಾಗಿರುವುದು) ಅನ್ನುವ ಮಾತಿನ ಬೇರು ಇದೇ.

ಅದಕ್ಕೂ ಮುಂಚೆ, 1956ರಲ್ಲಿ, ಸೈಮನ್ ರಾಟನ್‌ಬರ್ಗ್ ಬೇಸ್‌ಬಾಲ್ ನೋಡಿ ಹೇಳಿದ್ದು: ನಿಯಮ ಏನೇ ಇರಲಿ, ಆಟಗಾರ ತನ್ನಿಂದ ಜಾಸ್ತಿ ಆದಾಯ ಹುಟ್ಟುವ ಕಡೆಗೇ ಹೋಗುತ್ತಾನೆ. 1971ರಲ್ಲಿ ಎಲ್-ಹೊದಿರಿ ಮತ್ತು ಕ್ವಿರ್ಕ್ ಇದೇ ಯೋಚನೆಗೆ ಗಣಿತದ ರೂಪ ಕೊಟ್ಟರು. ನನಗೆ ಕಷ್ಟವಾದದ್ದು ಆ ಗಣಿತ.

7:3ರ ಲೆಕ್ಕ

ಎರಡೇ ಕ್ಲಬ್ ಇರುವ ಲೀಗ್ ಅಂದುಕೊಳ್ಳಿ. ಒಂದು ದೊಡ್ಡದು, ಒಂದು ಸಣ್ಣದು. ಆಟಗಾರರ ಒಟ್ಟು ಪ್ರತಿಭೆ 10 ಯೂನಿಟ್, ಅದಕ್ಕಿಂತ ಹೆಚ್ಚು ಎಲ್ಲೂ ಸಿಗುವುದಿಲ್ಲ. ಇಬ್ಬರು ಮಾಲೀಕರಿಗೂ ಬೇಕಿರುವುದು ಲಾಭ ಮಾತ್ರ.

ಇನ್ನೊಂದು ಯೂನಿಟ್ ಪ್ರತಿಭೆ ತಂದರೆ ಬರುವ ಹೆಚ್ಚುವರಿ ಆದಾಯವೇ ಸೀಮಾಂತ ಆದಾಯ. ನಾನು ಇಟ್ಟುಕೊಂಡದ್ದು ಹೀಗೆ:

ದೊಡ್ಡ ಕ್ಲಬ್: 16 − ತನ್ನ ಪ್ರತಿಭೆ
ಸಣ್ಣ ಕ್ಲಬ್: 12 − ತನ್ನ ಪ್ರತಿಭೆ

ಎರಡೂ ಸಮವಾಗುವ ಜಾಗದಲ್ಲಿ ಆಟಗಾರರ ಓಡಾಟ ನಿಲ್ಲುತ್ತದೆ. ದೊಡ್ಡದಕ್ಕೆ 7, ಸಣ್ಣದಕ್ಕೆ 3. 16 − 7 = 9, 12 − 3 = 9. ಹಾಗಾಗಿ ಒಂದು ಯೂನಿಟ್‌ನ ಸಂಬಳ 9. ಸೊನ್ನೆಯಿಂದ ಶುರುಮಾಡಿ ಸೀಮಾಂತ ಆದಾಯವನ್ನೆಲ್ಲ ಕೂಡಿಸಿದರೆ ಒಟ್ಟು ಆದಾಯ ದೊಡ್ಡದಕ್ಕೆ 87.5 (16ರಿಂದ 9ಕ್ಕೆ ಇಳಿಯುವುದರ ಸರಾಸರಿ 12.5 × 7), ಸಣ್ಣದಕ್ಕೆ 31.5 (10.5 × 3). ಸಂಬಳ ಕಳೆದರೆ ಲಾಭ 24.5 ಮತ್ತು 4.5.

ಈ ಲೆಕ್ಕವನ್ನು ಒಂದೇ ಗ್ರಾಫ್‌ನಲ್ಲಿ ಬಿಡಿಸುವವರಿಗೆ ಒಂದು ಮಾತು. ದೊಡ್ಡ ಕ್ಲಬ್ಬಿನ ಪ್ರತಿಭೆಯನ್ನು ಎಡದಿಂದ ಬಲಕ್ಕೆ ಎಣಿಸಿ, ಸಣ್ಣದರದ್ದನ್ನು ಬಲದಿಂದ ಎಡಕ್ಕೆ. ಎರಡನ್ನೂ ಎಡದಿಂದಲೇ ಓದಿ ನಾನು ಒಂದು ಇಡೀ ಸಂಜೆ ಕಳೆದೆ.

ನಾನು ಎಡವಿದ ಹೆಜ್ಜೆ

ಈಗ ಹಂಚಿಕೆ ತರೋಣ. ಪ್ರತಿ ಕ್ಲಬ್ ತನ್ನ ಆದಾಯದಲ್ಲಿ ಶೇ. 80 ಇಟ್ಟುಕೊಂಡು, ಶೇ. 20ನ್ನು ಇನ್ನೊಂದಕ್ಕೆ ಕೊಡಬೇಕು.

ನಾನು ಮೊದಲು ಯೋಚಿಸಿದ್ದು ಹೀಗೆ. ಸಣ್ಣ ಕ್ಲಬ್ಬಿಗೆ ದೊಡ್ಡದರಿಂದ 17.5 ಬರುತ್ತದೆ, ತಾನು 6.3 ಕೊಡುತ್ತದೆ. ಕೈಯಲ್ಲಿ 11.2 ಉಳಿಯಿತು. ಒಂದು ಯೂನಿಟ್‌ಗೆ 9 ಕೊಟ್ಟು ಆರಾಮಾಗಿ ಇನ್ನೊಬ್ಬ ಆಟಗಾರನನ್ನು ತರಬಹುದು. 6:4 ಆಯಿತು!

ತಪ್ಪು ಇಲ್ಲೇ ಇದೆ. ಆ 11.2 ಬಂದದ್ದು ನಾಲ್ಕನೇ ಯೂನಿಟ್ ತಂದದ್ದಕ್ಕಲ್ಲ. ಸುಮ್ನೆ ಕೂತಿದ್ದರೂ ಅದು ಬರುತ್ತದೆ. ಲಾಭ ನೋಡುವ ಮಾಲೀಕ 'ನನ್ನ ಹತ್ತಿರ ಎಷ್ಟಿದೆ' ಅಂತ ಕೇಳುವುದಿಲ್ಲ. 'ಇನ್ನೊಂದು ಯೂನಿಟ್ ತಂದರೆ, ಕೊಟ್ಟದ್ದಕ್ಕಿಂತ ಜಾಸ್ತಿ ವಾಪಸ್ ಬರುತ್ತದೆಯೇ' ಅಂತ ಕೇಳುತ್ತಾನೆ. ಗಲ್ಲಾಪೆಟ್ಟಿಗೆ ತುಂಬಿದ್ದು ಆಟಗಾರನನ್ನು ತರಲು ಕಾರಣವೇ ಅಲ್ಲ. ಅದು ನೇರ ಮಾಲೀಕನ ಜೇಬಿಗೆ.

ಸರಿ, ಇದು ಅರ್ಥವಾಯಿತು. ಎರಡನೇ ಸಲ ಸೀಮಾಂತ ಆದಾಯವನ್ನೇ ಹಿಡಿದೆ. ಕ್ಲಬ್ಬಿಗೆ ಸಿಗುವುದು 9ರ ಶೇ. 80, ಅಂದರೆ 7.2. ಇಬ್ಬರಿಗೂ ಅಷ್ಟೇ. ಹಾಗಾಗಿ 7:3 ಬದಲಾಗಲಿಲ್ಲ, ಸಂಬಳ 7.2. ಉತ್ತರ ನೋಡಿದರೆ 5.4! ಹಂಚಿಕೆ ಸರಿ, ಸಂಬಳ ತಪ್ಪು.

ಬಿಟ್ಟುಹೋಗಿದ್ದು ಏನು? ಒಟ್ಟು ಪ್ರತಿಭೆ ಇರುವುದೇ 10. ದೊಡ್ಡ ಕ್ಲಬ್ ಒಂದು ಯೂನಿಟ್ ತಂದರೆ ಅದು ಸಣ್ಣ ಕ್ಲಬ್ಬಿನಿಂದಲೇ ಬರಬೇಕು. ಆಗ ಸಣ್ಣ ಕ್ಲಬ್ಬಿನ ಆದಾಯ 9 ಕಡಿಮೆಯಾಗುತ್ತದೆ. ಆ ಆದಾಯದಲ್ಲಿ ದೊಡ್ಡ ಕ್ಲಬ್ಬಿಗೂ ಶೇ. 20 ಪಾಲಿದೆಯಲ್ಲ! ತಾನೇ ಎದುರಾಳಿಯನ್ನು ಬಡವಾಗಿಸಿ, ಅಲ್ಲಿಂದ ಬರಬೇಕಿದ್ದ ತನ್ನ 1.8 ಕಳೆದುಕೊಂಡಿತು.

7.2 − 1.8 = 5.4

ಸಣ್ಣ ಕ್ಲಬ್ಬಿಗೂ ಇದೇ ಲೆಕ್ಕ. ಪ್ರತಿಭೆಯ ಬೆಲೆ ಇಬ್ಬರ ಕಣ್ಣಲ್ಲೂ ಒಂದೇ ಅಳತೆಯಲ್ಲಿ ಇಳಿಯಿತು. ಅದಕ್ಕೇ ಯಾರೂ ಜಾಗ ಬಿಟ್ಟು ಕದಲಲಿಲ್ಲ. 7:3 ಹಾಗೇ ಉಳಿಯಿತು.

ಈಗ ಲಾಭ ನೋಡಿ. ದೊಡ್ಡ ಕ್ಲಬ್ಬಿನದು 24.5ರಿಂದ 38.5ಕ್ಕೆ ಏರಿತು. ಸಣ್ಣದರದ್ದು 4.5ರಿಂದ 26.5ಕ್ಕೆ. ದಾನ ಕೊಟ್ಟವನೂ ಶ್ರೀಮಂತನಾದ, ತಗೊಂಡವನೂ ಶ್ರೀಮಂತನಾದ. ಹಾಗಾದರೆ ಕಳೆದುಕೊಂಡವರು ಯಾರು? ಆಟಗಾರರು. ಅವರಿಗೆ ಸಿಗುವ ಒಟ್ಟು ಸಂಬಳ 90ರಿಂದ 54ಕ್ಕೆ ಇಳಿಯಿತು. ಆ 36 ಇಬ್ಬರು ಮಾಲೀಕರ ನಡುವೆ ಹಂಚಿಹೋಯಿತು: 14 ಮತ್ತು 22. ಈ ಸಾಲು ಬರೆದಾಗ ನಾನು ಪೆನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 'ಸಣ್ಣ ಕ್ಲಬ್ ಉಳಿಸೋಣ' ಅನ್ನುವ ನಿಯಮ, ಈ ಮಾದರಿಯೊಳಗೆ, ಸಂಬಳ ತಗ್ಗಿಸುವ ನಿಯಮ.

ಮಾಲೀಕನಿಗೆ ಗೆಲುವೇ ಬೇಕಿದ್ದರೆ

ಅದೇ 1971ರಲ್ಲಿ ಪೀಟರ್ ಸ್ಲೋನ್ ಬ್ರಿಟನ್ನಿನ ಕ್ಲಬ್ಬುಗಳನ್ನು ನೋಡಿ, ಇವರು ಲಾಭಕ್ಕೆ ಓಡುವವರಲ್ಲ ಎಂದರು. ಬೇಕಿರುವುದು ಗೆಲುವು, ದಿವಾಳಿ ಆಗದಿದ್ದರೆ ಸಾಕು. ಇದನ್ನು ಮಾದರಿಯಾಗಿ ಬೆಳೆಸಿದವರು ಬೆಲ್ಜಿಯಂನ ಸ್ಟೀಫನ್ ಕೆಸೆನ್. ಕೆಳಗಿನ ಡಿವಿಷನ್ನಿಗೆ ಬೀಳುವ ಭಯ ಇರುವ ಯುರೋಪಿನ ಫುಟ್‌ಬಾಲಿಗೆ ಇದೇ ಹತ್ತಿರ ಅಂತ ನನಗನ್ನಿಸುತ್ತದೆ.

ಇಂಥ ಕ್ಲಬ್ ಬಂದ ದುಡ್ಡನ್ನೆಲ್ಲ ಆಟಗಾರರ ಮೇಲೆ ಸುರಿಯುತ್ತದೆ. ಲಾಭ ಸೊನ್ನೆ. ಆದ್ದರಿಂದ ಇಲ್ಲಿ ಹೋಲಿಸಬೇಕಾದದ್ದು ಸರಾಸರಿ ಆದಾಯ (ಒಟ್ಟು ಆದಾಯವನ್ನು ಪ್ರತಿಭೆಯಿಂದ ಭಾಗಿಸಿದ್ದು), ಸೀಮಾಂತವಲ್ಲ. ದೊಡ್ಡದು 16 − ಪ್ರತಿಭೆಯ ಅರ್ಧ, ಸಣ್ಣದು 12 − ಪ್ರತಿಭೆಯ ಅರ್ಧ. ಎರಡೂ ಸಮವಾಗುವುದು 9:1ರಲ್ಲಿ! ಸಂಬಳ 11.5. ಲಾಭದ ಮಾಲೀಕರಿದ್ದಾಗಿನದಕ್ಕಿಂತ ಲೀಗ್ ಜಾಸ್ತಿ ಒಂದೇ ಕಡೆಗೆ ವಾಲಿದೆ, ಸಂಬಳವೂ ಜಾಸ್ತಿ.

ನನ್ನ ಅಡ್ಡದಾರಿ: ಗೆಲುವಿನ ಮಾದರಿಯಲ್ಲಿ ಸಂಬಳ ಬೇಕಾದರೆ ಇಡೀ ಲೀಗಿನ ಆದಾಯವನ್ನು ಒಟ್ಟು ಪ್ರತಿಭೆಯಿಂದ ಭಾಗಿಸಿ. ಎಲ್ಲವೂ ಆಟಗಾರರಿಗೇ ಹೋಗುವುದರಿಂದ ಬೇರೆ ಉತ್ತರ ಬರಲು ಸಾಧ್ಯವಿಲ್ಲ. ಇಲ್ಲಿ 103.5 + 11.5 = 115. ಹತ್ತರಿಂದ ಭಾಗಿಸಿದರೆ 11.5. ಲೆಕ್ಕ ತಪ್ಪಿದೆಯಾ ಅಂತ ನೋಡಲು ನಾನು ಪ್ರತಿ ಸಲ ಇದನ್ನೇ ಬಳಸುತ್ತೇನೆ.

ಈಗ ಅದೇ ಶೇ. 20 ಹಂಚಿ. ಸಣ್ಣ ಕ್ಲಬ್ಬಿನ ಕೈಗೆ 9.2 + 20.7 = 29.9 ಬಂತು. ಅದನ್ನು ಜೇಬಿಗೆ ಹಾಕುವವರಿಲ್ಲ. 11.5ರ ಸಂಬಳದಲ್ಲಿ 2.6 ಯೂನಿಟ್ ಕೊಂಡಿತು. ಆಗ ಅದರ ಆದಾಯ ಹೆಚ್ಚುತ್ತದೆ, ಇನ್ನೊಂದಿಷ್ಟು ಕೊಳ್ಳುತ್ತದೆ. ಮೊದಲ ಸುತ್ತು 7.4:2.6, ಎರಡನೆಯದು ಸುಮಾರು 6.6:3.4, ನಿಲ್ಲುವುದು ಹೆಚ್ಚುಕಡಿಮೆ 6:4ರಲ್ಲಿ. ಸಂಬಳ ಸುಮಾರು 11.8, ಇಳಿಯಲೇ ಇಲ್ಲ.

ಅಂದರೆ ಶುರುವಿನಲ್ಲಿ ನನ್ನ ತಲೆಯಲ್ಲಿದ್ದ 'ದುಡ್ಡು ಬಂತು, ಆಟಗಾರ ಬಂದ' ಅನ್ನುವ ಯೋಚನೆ ಸುಳ್ಳಲ್ಲ. ಅದು ಗೆಲುವಿನ ಮಾಲೀಕನ ಕಥೆ. ನಾನು ಅದನ್ನು ಲಾಭದ ಮಾಲೀಕನ ಲೆಕ್ಕಕ್ಕೆ ಹಚ್ಚುತ್ತಿದ್ದೆ. ಪ್ರಶ್ನೆ ಓದುವಾಗ ಶೇಕಡಾ ಎಷ್ಟು ಅಂತ ಹುಡುಕುವ ಮುಂಚೆ, ಮಾಲೀಕನಿಗೆ ಏನು ಬೇಕು ಅನ್ನುವುದರ ಕೆಳಗೆ ಗೆರೆ ಎಳೆಯಿರಿ.

ನಿಜವಾದ ಲೀಗುಗಳಲ್ಲಿ

ಇಂಗ್ಲೆಂಡಿನ ಲೀಗಿನಲ್ಲಿ 1983ರವರೆಗೆ ಟಿಕೆಟ್ ಹಣದ ಒಂದು ಪಾಲು ಅತಿಥಿ ತಂಡಕ್ಕೆ ಹೋಗುತ್ತಿತ್ತು. ಆಮೇಲೆ ಪೂರ್ತಿ ಆತಿಥೇಯರಿಗೇ. 1992ರಲ್ಲಿ ಶುರುವಾದ ಪ್ರೀಮಿಯರ್ ಲೀಗ್ ದೇಶದೊಳಗಿನ ಟಿವಿ ಹಣದಲ್ಲಿ ಶೇ. 50ನ್ನು ಸಮನಾಗಿ, ಶೇ. 25ನ್ನು ಪಟ್ಟಿಯಲ್ಲಿನ ಸ್ಥಾನ ನೋಡಿ, ಶೇ. 25ನ್ನು ಎಷ್ಟು ಪಂದ್ಯ ನೇರ ಪ್ರಸಾರವಾಯಿತು ಅಂತ ನೋಡಿ ಹಂಚುವ ಪದ್ಧತಿ ಇಟ್ಟುಕೊಂಡಿತು. ಅಮೆರಿಕನ್ ಫುಟ್‌ಬಾಲಿನ ಲೀಗ್ ಎನ್‌ಎಫ್‌ಎಲ್‌ನಲ್ಲಿ ರಾಷ್ಟ್ರೀಯ ಟಿವಿ ಹಣ 32 ತಂಡಗಳಿಗೂ ಸಮ ಪಾಲು, ಅಲ್ಲಿ ಕೆಳಗೆ ಬೀಳುವ ಭಯವೂ ಇಲ್ಲ.

ನಮ್ಮ ಮಾದರಿಯ ದುರ್ಬಲ ಜಾಗ ಆ '10 ಯೂನಿಟ್'. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಬಾಸ್ಮನ್ ತೀರ್ಪು ಕೊಟ್ಟಿತು. ಕರಾರು ಮುಗಿದ ಆಟಗಾರ ಟ್ರಾನ್ಸ್‌ಫರ್ ಶುಲ್ಕವಿಲ್ಲದೆ ಯುರೋಪಿಯನ್ ಒಕ್ಕೂಟದ ಬೇರೆ ದೇಶದ ಕ್ಲಬ್ಬಿಗೆ ಹೋಗಬಹುದು. ಕ್ಲಬ್ ಪಂದ್ಯಗಳಲ್ಲಿ ಒಕ್ಕೂಟದ ದೇಶಗಳ ಆಟಗಾರರಿಗೆ ವಿದೇಶಿ ಮಿತಿ ಹಾಕುವಂತಿಲ್ಲ. ಅಂದಮೇಲೆ ಒಂದು ಲೀಗಿನೊಳಗೆ ಪ್ರತಿಭೆ ಇಷ್ಟೇ ಅಂತ ಹೇಳಲಾಗದು. ದೊಡ್ಡ ಕ್ಲಬ್ ಇನ್ನೊಬ್ಬನನ್ನು ತಂದರೆ ಅವನು ಸಣ್ಣ ಕ್ಲಬ್ಬಿನಿಂದಲೇ ಬರಬೇಕಿಲ್ಲ.

'ಪ್ರತಿಭೆ ಇಷ್ಟೇ' ಅನ್ನುವ ಈ ಬೀಗ ತೆಗೆದರೆ ಉತ್ತರವೇ ಬದಲಾಗಬಹುದು ಎಂದು 2004ರಲ್ಲಿ ಸ್ಟೀಫನ್ ಶಿಮಾನ್ಸ್ಕಿ ಮತ್ತು ಕೆಸೆನ್ ತೋರಿಸಿದರು. ಲಾಭದ ಮಾಲೀಕರಿದ್ದಾಗ ಹಂಚಿಕೆ ಸಮತೋಲನವನ್ನು ಇನ್ನೂ ಕೆಡಿಸಬಹುದು. ಸಣ್ಣ ಕ್ಲಬ್ ಗೆದ್ದರೆ ದೊಡ್ಡದರ ಆದಾಯಕ್ಕೆ ಪೆಟ್ಟು, ಆ ದೊಡ್ಡ ಆದಾಯದಲ್ಲಿ ತನ್ನ ಪಾಲಿಗೂ ಪೆಟ್ಟು. ಹಾಗಾಗಿ ಪ್ರತಿಭೆಗೆ ಖರ್ಚು ಮಾಡುವ ಉತ್ಸಾಹ ಸಣ್ಣದಕ್ಕೇ ಜಾಸ್ತಿ ಕುಗ್ಗುತ್ತದೆ.

ಅಭ್ಯಾಸಕ್ಕೆ ಒಂದು: ಲಾಭದ ಮಾದರಿಯಲ್ಲೇ 80:20ರ ಬದಲು 60:40 ಹಂಚಿ ನೋಡಿ. 7:3 ಹಾಗೇ ಇರಬೇಕು, ಸಂಬಳ 1.8 ಬರಬೇಕು. 5.4 ಬಂದರೆ, ಎದುರಾಳಿಯ ಆದಾಯದಲ್ಲಿ ಕಳೆದುಹೋದ ನಿಮ್ಮ ಪಾಲನ್ನು ಕಳೆಯಲು ಮರೆತಿದ್ದೀರಿ.