‘ಯಾರಿಗೂ ಹೇಳಬ್ಯಾಡ್ರಿ ಅಕ್ಕಾ’ ಅಂದಾಗ: ತರಬೇತಿಯ ಟಿಪ್ಪಣಿ

ಪುಣೆಯ ವಾಕಡದ ಪತ್ರಾ (ತಗಡಿನ) ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಹದಿಹರೆಯದ ಆ ಮಕ್ಕಳ ಜೊತೆ ಆರೋಗ್ಯದ ಕುರಿತು ಮಾತಾಡಲಿರುವ ನಮ್ಮ ಗುಂಪಿಗಾಗಿ ಇದನ್ನು ಬರೆದಿದ್ದೇನೆ.

ಯೋಜನೆ: ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಹದಿಹರೆಯದವರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರದ ಯೋಜನೆ, 2014ರಿಂದ. ವಯಸ್ಸು 10ರಿಂದ 19. ಪೋಷಣೆ, ಮನಸ್ಸಿನ ಆರೋಗ್ಯ, ಹಿಂಸೆ, ವ್ಯಸನ ಎಲ್ಲವೂ ಇದರೊಳಗೇ ಬರುತ್ತವೆ. ಮಹಾರಾಷ್ಟ್ರದಲ್ಲಿ ಇದರ ಕ್ಲಿನಿಕ್‌ಗೆ ‘ಮೈತ್ರಿ’ ಎಂದು ಹೆಸರು.

ನೀಲಿ ಮಾತ್ರೆ: ರಕ್ತಹೀನತೆ ತಡೆಯಲು, ವಾರಕ್ಕೊಂದು. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಊಟವಾದ ಮೇಲೆ ನುಂಗಬೇಕು, ಚಹಾದ ಜೊತೆ ಬೇಡ. ಮಲ ಕಪ್ಪಗಾಗುತ್ತದೆ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಹುಡುಗಿಯರು ಹೆದರಿ ಬಿಟ್ಟುಬಿಡುತ್ತಾರೆ.

ಮಕ್ಕಳನ್ನು ಮಾತಾಡಿಸುವ ಕ್ರಮ: ಮನೆ, ಶಾಲೆ, ಊಟ, ಗೆಳೆಯರು, ಆಮೇಲೆ ಗುಟ್ಕಾ-ಕುಡಿತ, ದೇಹದ ಸಂಬಂಧ, ಕೊನೆಗೆ ಸಾಯುವ ಯೋಚನೆ. ಸಲೀಸಾದದ್ದು ಮೊದಲು.

ನಾನು ಎಡವಿದ್ದು ಗುಟ್ಟಿನ ವಿಷಯದಲ್ಲಿ. ಅಭ್ಯಾಸದ ಪಾತ್ರಾಭಿನಯದಲ್ಲಿ ಹುಡುಗಿಯಾಗಿದ್ದ ಗೆಳತಿ ‘ಯಾರಿಗೂ ಹೇಳಬ್ಯಾಡ್ರಿ ಅಕ್ಕಾ’ ಅಂದಳು. ನಾನು ‘ಆಯ್ತವ್ವಾ, ಹೇಳಂಗಿಲ್ಲ’ ಅಂದೆ. ಮರುಕ್ಷಣವೇ ಅವಳು ಮಾವನೊಬ್ಬ ಮೈಮುಟ್ಟುವ ಸಂಗತಿ ಹೇಳಿದಳು. ನನಗೆ ಬಾಯಿ ಕಟ್ಟಿತು. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮು ಹಾಗೆ ಹೇಳುತ್ತದೆ. ಕೊಟ್ಟ ಮಾತು ಉಳಿಸಿಕೊಂಡರೆ ಕಾನೂನು ಮುರಿದಂತೆ, ಮಾತು ಮುರಿದರೆ ಹುಡುಗಿ ಮತ್ತೆಂದೂ ಯಾರನ್ನೂ ನಂಬುವುದಿಲ್ಲ.

ಗುಟ್ಟು ಕಾಯುವುದೆಂದರೆ ಪೂರ್ತಿ ಬಾಯಿ ಮುಚ್ಚುವುದು ಎಂದೇ ನಾನು ತಿಳಿದಿದ್ದೆ. ಅದಕ್ಕೊಂದು ಎಲ್ಲೆ ಇದೆ. ಆ ಎಲ್ಲೆಯನ್ನು ಅವಳು ಬಾಯಿ ಬಿಡುವ ಮುಂಚೆಯೇ ಹೇಳಬೇಕು, ಆಮೇಲಲ್ಲ. ಹತ್ತು ಸಲ ಬರೆದು ಹೊಡೆದುಹಾಕಿ ಕೊನೆಗೆ ನಿಂತ ಮಾತು ಇದು:

‘ನೀ ಹೇಳಿದ್ದು ನನ್ನ ಹತ್ರನೇ ಇರ್ತದ. ಆದ್ರ ನಿನ್ನ ಜೀವಕ್ಕ ಅಪಾಯ ಅದ, ಇಲ್ಲಾ ಯಾರರೆ ನಿನಗ ಕಾಡಾಕತ್ಯಾರ ಅಂತ ಗೊತ್ತಾದ್ರ, ನಾ ಒಬ್ಬಾಕಿನ ಸುಮ್ಮ ಕುಂದ್ರಂಗಿಲ್ಲ. ಯಾರಿಗೆ ಹೇಳ್ತೀನಿ ಅನ್ನೂದು ಮೊದಲ ನಿನಗ ಹೇಳ್ತೀನಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಬೆನ್ನ ಹಿಂದೆ ಏನೂ ನಡೆಯುವುದಿಲ್ಲ ಎಂಬ ಧೈರ್ಯ ಅವಳಿಗೆ ಸಿಗುವುದು ಅದರಿಂದಲೇ. ಗೋಡೆ ತಗಡಿನದು, ಪಕ್ಕದ ಶೆಡ್ಡಿಗೆ ಪಿಸುಮಾತೂ ಕೇಳುತ್ತದೆ. ಆದ್ದರಿಂದ ನೀರು ತರುವ ದಾರಿಯಲ್ಲೋ ಶಾಲೆಯ ಅಂಗಳದಲ್ಲೋ ಮಾತಾಡಿಸಿ.

ಸಾಯುವ ಯೋಚನೆಯನ್ನು ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಆದ್ದರಿಂದ ಹಿಂಜರಿಯದೆ ಕೇಳಿ. ಹೌದು ಅಂದರೆ ಒಂಟಿಯಾಗಿ ಬಿಡದೆ ಜೊತೆಗಿರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಅವಳ ಎದುರೇ ಫೋನ್ ಹಚ್ಚಿ. ಅಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ಮಕ್ಕಳ ಸಹಾಯವಾಣಿ 1098.